ಸಕ್ಕರ್

ಪಾಚಿ ತಿಂತದ, ಒಯ್ಯಿ, ಅಂದಿದ್ದ
ಮಂಗಳವಾರ ಪ್ಯಾಟ್ಯಾಗಿನ ಮೀನಿನಂಗಡಿ ಜಿಲಾನಿ.
ನಾಕು ಗೋಲ್ಡ್‌ಫಿಶ್ ಆರಿಸಿಕೊಂಡ ಮ್ಯಾಲ
ಕಡೀಕ ಇದನ್ನೂ ಪಾಕೀಟಿಗಿ ಹಾಕಿದ,
ಕಾಯಿಪಲ್ಯಾದ ಮ್ಯಾಲ ಎರಡೆಸಳು ಕೊತ್ತಂಬರಿ
ಕೊಸರು ಹಾಕಿ ಕೊಟ್ಟಂಗ.

ಗೋಲ್ಡ್‌ಫಿಶ್ ಬ್ಯಾಸಗಿ ದಾಟಲಿಲ್ಲ.
ಸೊಲ್ಲಾಪುರದ ಬಿಸಲು, ಮೂರು ತಾಸು ಕರೆಂಟಿಲ್ಲ,
ಮೋಟರ್ ಬಂದ್, ನೀರು ಚಹಾದಂಗ.
ಇದೊಂದ ಉಳೀತು.
ಕರೀದು, ಮೈತುಂಬ ಮುಳ್ಳಿನಂಥ ಒರಟು,
ಮಗ್ಗದಾಗಿಂದ ಕಿತ್ತು ಒಗದ ನೂಲಿನ ಗಂಟು
ನೀರಾಗ ಬಿದ್ದಂಗ.

ಬಂದವರೆಲ್ಲ ಕೇಳ್ತಾರ,
ಇದನ್ಯಾಕ ಇಟ್ಟಿ, ಮಲಕಾಜಪ್ಪ?
ಎಂಥೆಂಥ ಚಂದನ್ನವು ಬಂದಾವ ಈಗ!

ಚಂದನ್ನವು ನೋಡೀನಿ.
ಡೈಹೌಸಿನ ಗುತ್ತೇದಾರ ಭಾಲಚಂದ್ರನ ಮನ್ಯಾಗ
ಹಣಿ ಉಬ್ಬಿದ ಫ್ಲವರ್‌ಹಾರ್ನ್ ಅದ.
ಅದರ ಮಗ್ಗಲಿಗಿ ಕರೀ ಕಲಿ.
ಅವು ಅಕ್ಷರ ಅಂತಾನ ಅವ,
ಮುಂಜಾನೆದ್ದು ಚಸ್ಮಾ ಹಾಕ್ಕೊಂಡು ಓದ್ತಾನ,
ಯಾವ ಭಾಷಾ ಅಂದ್ರ ಹೇಳಂಗಿಲ್ಲ.
ಓದ್ಲಾಕ ಬಂದ ದಿನ ಪಗಾರ ಕೊಡ್ತಾನ,
ಬರದಿದ್ರ, ನಾಳೆ ಬಾ.

ಚಿಲವೇರಿಯವರ ಹುಡುಗ ಅಂಬಾದಾಸ
ಫೈಟರ್ ಸಾಕ್ಯಾನ, ಬಾಟಲಿಗೊಂದರಂಗ,
ನಡುವ ರಟ್ಟು.
ಸಂಜಿಗಿ ಶೇಟಜಿ ಕಡೀಂದ ಬೈಸಿಕೊಂಡು ಬಂದು
ಒಂದೇ ಮಿನಿಟು ರಟ್ಟು ತಗೀತಾನ.
ಗಾಜಿನ ಆಚೀಚಿಗಿ ಅವು ರೆಕ್ಕಿ ಬಿಚ್ಚಿ ಕೆಂಪಾಗೂದು ನೋಡಿ
ಮ್ಯಾಲ ಕುಂತು ಉಣ್ತಾನ.

ನಂದು ಹಾಂಗಲ್ಲ. ನಂದು ಕಿವಿದು.

ಮೂವತ್ತೊಂದು ವರ್ಷ ಮಗ್ಗದ ಸಾಲಿನ್ಯಾಗ ನಿಂತೀನಿ.
ಚಾದರದಾಗ ಸಾವಿರ ನವಿಲು ನೇಯ್ದೀನಿ,
ಒಂದೂ ಕೂಗಿದ್ದು ಕೇಳಿಲ್ಲ.
ಎಡಗಿವಿ ಮೊದಲ ಹೋತು,
ಬಲಗಿವಿ ಹೇಳದ ಅದರ ಹಿಂದ.
ಕಾರ್ಖಾನ್ಯಾಗ ಅದರಿಂದ ನುಕ್ಸಾನಿಲ್ಲ,
ಅಲ್ಲಿ ಎಲ್ಲರೂ ತುಟಿ ಓದವರ.
ತೆಲುಗರ ಮಾತು ದುಂಡ ತುಟೀಲೆ ಮುಗೀತದ,
ಮರಾಠಿ ಹಲ್ಲು ತೋರಸ್ತದ,
ನಮ್ಮದು ಬಾಯಿ ತೆರದ ಬಿಟ್ಟಂಗ:
ಬಂದಾನ, ಹೋಗ್ಯಾನ, ಸತ್ತಾನ.

ಮನ್ಯಾಗ ಕಷ್ಟ.
ಮೊಮ್ಮಗಳು ತಿನಕೋತ ಮಾತಾಡ್ತಾಳ,
ಅಳಿಯ ಮೀಸಿ ಬಿಟ್ಟಾನ,
ಮಹಾನಂದಾ ಮೊದಲಿಂದ ಸೆರಗು ಬಾಯಿಗಿ ಹಿಡದ ನಗಾಕಿ.
ಅರ್ಧ ಮಾತು ಅವರದು,
ಉಳಿದರ್ಧ ನನ್ನ ಕಿಸೇದಿಂದ ಹಾಕಿ ಹ್ಞೂಂ ಅಂತೀನಿ.
ಹಾಂಗ ಹ್ಞೂಂ ಅಂದ ಒಂದಿನ
ಅಕ್ಕಲಕೋಟಿ ಕಡೀನ ಹೊಲದ ಪಾಲು
ತಮ್ಮಗ ಬಿಟ್ಟುಕೊಟ್ಟು ಕುಂತೀನಿ.

ಗೋಲ್ಡ್‌ಫಿಶ್ ನೋಡಿದ್ರ ಜೀವಕ್ಕ ತ್ರಾಸ ಆಗ್ತಿತ್ತು.
ಒಂದಸವನ ತುಟಿ ಆಡಸಾವು.
ಏನೋ ಹೇಳ್ತಾವ, ನನಗ ತಪ್ಪಲಾಕತ್ತದ ಅಂತ
ಕುರ್ಚಿ ಮುಂದ ಮುಂದ ಸರಸ್ತಿದ್ದೆ.
ಸತ್ತಾಗ ಕೆಟ್ಟನಿಸ್ತು, ಖರೇ.
ಕಣ್ಣಿಗಿ ಸುಟಿ ಸಿಕ್ಕಂಗೂ ಆತು.

ಇದು ಬ್ಯಾರೆ.
ರಾತ್ರಿ ಪಾಳಿ ಮುಗಿಸಿ ನಾಕಕ್ಕ ಬಂದ್ರ
ಬೀದಿ ಲೈಟಿನ ಬೆಳಕಿನ್ಯಾಗ
ಗಾಜಿಗಿ ಬಾಯಿ ಹಚ್ಚಿ ನಿಂತಿರ್ತದ,
ಪೂರಾ ಬಾಯಿ, ನನ್ನ ಕಡೀನ.
ಅಂಗಿ ಗುಂಡಿಯಂಥ ದುಂಡನ ತುಟಿ.
ಒಂದೇ ಅಕ್ಷರ.
ಹಸರು ಒರಸಿಕೋತ ಗೇಣುದ್ದ ಮ್ಯಾಲ ಏರ್ತದ,
ಅಕ್ಷರ ಬದಲಾಗಂಗಿಲ್ಲ.
ಆತುರ ಇಲ್ಲ. ಕುಂತು ಓದಬಹುದು.

ಅದು ಉ, ಅಂತೀನಿ ನಾ.
ಓ, ಅಂತಾಳ ಮೊಮ್ಮಗಳು, ಯಾರೋ ಕರದಾರ ಅದನ್ನ.
ಎರಡೂ ದುಂಡ ತುಟೀವ, ಹಂಗಾರ ಇದು ತೆಲುಗರ ಮೀನು,
ಅಂತ ನಗ್ತಾಳ ಮಹಾನಂದಾ,
ಸೆರಗು ಸರಿಸಿ,
ನನಗ ಕಾಣಲಿ ಅಂತ.

ಜಿಲಾನಿ ಮೊನ್ನೆ ಅಂದ,
ಇದು ಮೊಳದುದ್ದ ಬೆಳೀತದ, ಈ ಟಾಕಿ ಸಾಲಂಗಿಲ್ಲ.
ದೊಡ್ಡ ಟಾಕಿ ರೇಟೂ ಹೇಳಿದ.
ಅವನ ತುಟಿ ಮ್ಯಾಲ ಪೂರಾ ತಿಳೀತು.
ಆದ್ರೂ ಕಿವಿಗಿ ಕೈ ಹಚ್ಚಿ ನಿಂತೆ,
ಎರಡನೇ ಸಲ ಹೇಳೂವಾಗ
ಕಡಿಮಿ ಮಾಡ್ತಾನೇನೋ ಅಂತ.