ಎಲ್ಲಿ ಸಿಕ್ಕಿತು

ಬೈಂಡು ಕಿತ್ತ ಪುಟ್ಟ ಡೈರಿ, ಸಿಗಡಿ ನಾತ.
ಅವನು ಹೋಗಿ ನಲವತ್ತು ದಿನದ ಪೂಜೆ ಮುಗಿದ ಮೇಲೆ
ರೇನ್‌ಕೋಟಿನ ಒಳಜೇಬಲ್ಲಿ ಸಿಕ್ಕಿತು.
ಬೀದಿಯ ಹೆಸರಿಲ್ಲ, ಬಸ್ಸಿನ ನಂಬರಿಲ್ಲ.
"ಎರಡನೇ ಕಬ್ಬಿಣದ ಗೂಟ, ಎಡಕ್ಕೆ ಮೂರು ಹೆಜ್ಜೆ.
ಇಳಿತ ಮುಗಿಯೋ ಹೊತ್ತು. ಬ್ರೆಡ್ಡು ಬೇಡ."
"ವಿಮಾನ ಹೊಟ್ಟೆ ತೋರಿಸೋ ಕಡೆ."
"ಕಂದು ನಾಯಿ ಇಲ್ಲದಾಗ ಮಾತ್ರ."

ನಾನು ಎವಾಂಥಿಯಾ. ಎಪ್ಪತ್ತೊಂದು.
ಸಿಡ್ನಿಯ ಮ್ಯಾರಿಕ್‌ವಿಲ್ಲಿನ ಹಿಂದಿನ ಕೋಣೆಯಲ್ಲಿ
ಮಂದಿಯ ಮದುವೆ ಗೌನುಗಳಿಗೆ ಮಣಿ ಹೊಲಿದವಳು,
ಸಮುದ್ರಕ್ಕೆ ಬೆನ್ನು ಹಾಕಿ.
ಅವನು ಅನಾರ್ಗಿರೋಸ್. ನಮ್ಮ ಭಾಷೆಯಲ್ಲಿ
ಬೆಳ್ಳಿ ಮುಟ್ಟದವನು ಅಂತ ಅರ್ಥ.
ಬ್ಯಾಟರಿ ಫ್ಯಾಕ್ಟರಿಯ ಸಂಬಳ ನೋಡಿದರೆ ಹೆಸರು ಸರಿಯಾಗೇ ಇತ್ತು.
ಬರುವಾಗ ಹಡಗಿನಲ್ಲಿ ಇಪ್ಪತ್ತೇಳು ದಿನ ವಾಂತಿ.
ಇಳಿದವನು ಮತ್ತೆ ದೋಣಿಗೆ ಕಾಲಿಡಲಿಲ್ಲ:
ನೀರು ಬೇಕು, ಆದರೆ ಅಡಿಯಲ್ಲಿ ನೆಲ ಇರಬೇಕು.

ಗಾಳದ ಕೋಲು ಹಿಡಿದು ಹೊರಟೆ,
ಬಸ್ಸಿನಲ್ಲಿ ಜನ ಜಾಗ ಬಿಟ್ಟರು.

ವಿಮಾನದ ಹೊಟ್ಟೆ ಸಿಕ್ಕಿತು, ಬಾಟನಿ ಕೊಲ್ಲಿಯ ಅಂಚಿಗೆ.
ಬಕೆಟ್ಟು ಬೋರಲು ಹಾಕಿ ಕೂತಿದ್ದ ಥುವನ್ ಎಂಬಾತ
ಕೋಲಿನ ಹಿಡಿಗೆ ಸುತ್ತಿದ್ದ ನೀಲಿ ಟೇಪು ನೋಡಿ ಎದ್ದುನಿಂತ:
"ಕ್ಯಾಪ್ಟನ್ನನ ಕೋಲು! ಎಲ್ಲಿ ಆತ?
ಮೀನಿನ ಜೊತೆ ಹರಟೆ ಹೊಡೀತಾನಲ್ಲ!"
ಕ್ಯಾಪ್ಟನ್. ಹರಟೆ.
ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು,
ಅದರಲ್ಲಿ ಎರಡು "ಉಪ್ಪು ಕೊಡು".

ಲಾ ಪೆರೂಸಿನ ಬಂಡೆ ಮೇಲೆ ಥುವನ್ನೇ ಎರೆ ಕಟ್ಟಿಕೊಟ್ಟ.
ದಾರ ಪಟ್ಟೆಂದು ತುಂಡಾಯಿತು.
"ಅದು ಟೇಲರ್," ಅಂದ. ಮೀನಿನ ಹೆಸರಂತೆ,
ಹಲ್ಲು ಕತ್ತರಿ ಇದ್ದ ಹಾಗೆ.
ನಾನೂ ಟೇಲರ್ರೇ ಕಣಯ್ಯ, ಅಂದೆ.
ಇಬ್ಬರೂ ನಕ್ಕೆವು, ಅಲೆ ಬಂದು ಶೂ ತೋಯಿಸಿತು.

ಆದರೆ ಡೈರಿಯ ಮುಕ್ಕಾಲು ಹಾಳೆ ಪಶ್ಚಿಮದ ನದಿ.
ದೋಣಿ ನಿಲ್ಲುವ ಮರದ ಕಟ್ಟೆ, ಮ್ಯಾಂಗ್ರೋವಿನ ಕೆಸರು,
ಎರಡನೇ ಗೂಟ. ಎಡಕ್ಕೆ ಮೂರು ಹೆಜ್ಜೆ.
ಅಲ್ಲೇ ಒಂದು ಬೋರ್ಡು:
ದೊಡ್ಡ ಸೇತುವೆಯ ಈಚೆ ಹಿಡಿದದ್ದು ತಿನ್ನಬೇಡಿ,
ತಳದ ಮಣ್ಣಿನಲ್ಲಿ ಹಳೇ ಕಾರ್ಖಾನೆಗಳ ವಿಷ ಇದೆ.

ಓದಿ ನನಗೇನೂ ಆಶ್ಚರ್ಯ ಆಗಲಿಲ್ಲ.
ಪ್ರತಿ ಶುಕ್ರವಾರ ಅವನು ತಂದ ಬ್ರೀಮ್ ಮೀನನ್ನು
ಸಿಂಕಿನಲ್ಲಿ ಹೆರೆದವಳು ನಾನು.
ಸೂಜಿಯ ತೂತು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಮೂವತ್ತು ವರ್ಷ, ಒಂದರ ತುಟಿಯಲ್ಲೂ
ಗಾಳದ ಗಾಯ ಇರಲಿಲ್ಲ.
ಕಿವಿರಿನ ಸಂದಿಯಲ್ಲಿ ಮಾರುಕಟ್ಟೆಯ ಐಸಿನ ಚೂರು.
"ಎಲ್ಲಿ ಸಿಕ್ಕಿತು?" ಅಂತ ಕೇಳುತ್ತಿದ್ದೆ, ನಿಂಬೆ ಹಿಂಡುತ್ತಾ.
"ಹೇಳಬಾರದು. ಹೇಳಿದರೆ ಜಾಗ ಕೆಡುತ್ತೆ."
ಸರಿ, ಹೇಳಬೇಡ ಅನ್ನುತ್ತಿದ್ದೆ.

ಹಿಡಿದಿದ್ದನ್ನೆಲ್ಲ ಹರಟೆ ಹೊಡೆದು ಬಿಟ್ಟುಬಿಟ್ಟವನು,
ಬೆಳ್ಳಿ ಮುಟ್ಟಿಯೂ ಮುಟ್ಟದವನು.

ಈವತ್ತು ದಾರ ಬಿಗಿಯಿತು. ನಾನೇ ಎಳೆದೆ.
ಅಂಗೈಯಗಲ, ಒದ್ದಾಡುವ ಬೆಳ್ಳಿ.
ತುಟಿಯಲ್ಲಿ ಕೆಂಪಗೆ ಒಂದು ಚುಕ್ಕೆ,
ಮೊದಲ ಸಲ ನೋಡಿದೆ.
ಗಾಳ ಬಿಡಿಸಿದೆ, ಹೊಲಿಗೆ ಬಿಚ್ಚುವ ಹಾಗೆ, ನಿಧಾನ.
ಏನಾದರೂ ಮಾತಾಡಬೇಕಿತ್ತೇನೋ.
ತೋಚಿದ್ದು ಇಷ್ಟೇ: "ಉಪ್ಪು ಬೇಡ, ಹೋಗು."

ಮೀನು ಮುಳುಗಿದ ಮೇಲೆ
ಹೊಸ ಕೋಲು ಹಿಡಿದ ಹುಡುಗನೊಬ್ಬ ಕಟ್ಟೆಗೆ ಬಂದ.
"ಅಜ್ಜಿ, ಇಲ್ಲಿ ಸಿಗುತ್ತಾ?"
ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡೆ.
"ಇಲ್ಲಪ್ಪಾ," ಅಂದೆ, "ಬೆಳಗಿನಿಂದ ಕೂತಿದೀನಿ.
ಏನೇನೂ ಇಲ್ಲ."