ಟೈಪಿಂಗ್ ಸೆಂಟರಿನ ಮೇಲಿನ ಕೋಣೆ

ಶಾರ್ಜಾದ ರೋಲಾ. ಎ.ಸಿ. ನೀರು ತೊಟ್ಟಿಕ್ಕುವ ಓಣಿ.
ಕೆಳಗೆ ಪೋಕರ್ ಬ್ಯಾರಿಯ ಟೈಪಿಂಗ್ ಸೆಂಟರು,
ಮೇಲೆ ಹಿಲ್ಡಾ, ನಾನು,
ಕೋಡು ಬರೆಯುವ ಯಂತ್ರಕ್ಕೆ ಕೋಡು ಬರೆಯುತ್ತ.

ರಾತ್ರಿ ಎರಡಕ್ಕೆ ಅದು ಮೊದಲ ಸಲ
ನನ್ನದೇ ತಪ್ಪು ಹುಡುಕಿ, ತಿದ್ದಿ,
ಮೂರು ದಿನದ ಕೆಲಸ ಮೂರು ಉಸಿರಿಗೆ ಮುಗಿಸಿ
ಮಿಣುಕುತ್ತ ಕೂತಿತು: ಮುಂದೇನು?
ಕುಣಿಯಬೇಕಿತ್ತು.
ಕೈ ಎಲ್ಲಿಡುವುದೆಂದೇ ತೋಚಲಿಲ್ಲ.

ಬೆಳಿಗ್ಗೆ ಸುಲೈಮಾನಿ ಹೀರುತ್ತ ಬ್ಯಾರಿ ಅಂದರು:
"ಮೂವತ್ತು ವರ್ಷ ಪರರ ಕಾಗದ ಟೈಪು ಮಾಡಿದೆ,
ವೀಸಾ, ತಲಾಖು, ಹೆಣ ಊರಿಗೆ ಕಳಿಸುವ ಅರ್ಜಿ.
ಅಕ್ಷರ ನನ್ನದು, ಸಹಿ ಅವರದ್ದು.
ನಿಮ್ಮದರ ಕೆಳಗೆ ಯಾರದು?"

ಹಿಲ್ಡಾ ನಕ್ಕಳು.
ನಾನು ಮೆಟ್ಟಿಲು ಹತ್ತಿ
ಅದು ಬರೆದದ್ದನ್ನೆಲ್ಲ ಮೊದಲಿಂದ ಓದತೊಡಗಿದೆ,
ಒಂದನೇ ಕ್ಲಾಸಿನವನಂತೆ ತುಟಿ ಅಲ್ಲಾಡಿಸುತ್ತ.
ಮಧ್ಯಾಹ್ನದ ಬಾಂಗಿನ ಹೊತ್ತಿಗೆ
ಇನ್ನೂರನೇ ಸಾಲು.