ಲೆಕ್ಕಕ್ಕೆ ಸಿಗದ ಗಾಳಿ

ಬ್ಯಾಲರಟ್‌ನ ಜುಲೈ. ಬೆಳಗಿನ ಆರಕ್ಕೆ ಗಾಜಿನ ಮೇಲೆ
ಉಪ್ಪು ಉದುರಿಸಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿದೆ.
ಕೀಲಿ ತಿರುವುತ್ತೇನೆ. ಕೆಮ್ಮಿ ಏಳುತ್ತದೆ ನೀಲಿ ಸುಬಾರು,
ಹದಿನೆಂಟು ವರ್ಷದ್ದು, ನಾಲ್ಕನೆಯ ಒಡತಿ ನಾನು.
ಮುಳ್ಳು ಆರುನೂರಕ್ಕೆ ಇಳಿದು, ಸಾವಿರದ ಆರುನೂರಕ್ಕೆ ಹಾರಿ,
ಮತ್ತೆ ಆರುನೂರು,
ಸುಳ್ಳು ನಿದ್ದೆ ಮಾಡುವ ಮಗುವಿನ ಉಸಿರಿನ ಹಾಗೆ.

ಮಾರಿದವನು ಸೆಬಾಸ್ಟೊಪೋಲ್‌ನ ಬ್ರೇಡನ್.
"ಚಳಿಗೆ ಎಲ್ಲವೂ ಹೀಗೇ" ಅಂದ.
ಟರ್ಬೊ ಸಿಳ್ಳೆ ಹಾಕಿದ ಆ ಒಂದು ಗಳಿಗೆ
ಬೆನ್ನು ಸೀಟಿಗೆ ಅಂಟಿತು; ಅಲ್ಲಿಗೆ ನನ್ನ ಬುದ್ಧಿಯ ಕಥೆ ಮುಗಿಯಿತು.
ಒಂಬತ್ತು ಸಾವಿರ ಡಾಲರ್ ಎಣಿಸಿ ಕೊಟ್ಟೆ.
ಆಮೇಲೆ ಬಾನೆಟ್ ಎತ್ತಿ ನೋಡಿದೆ. ಆಮೇಲೆ!

ಮೊದಲ ತಿಂಗಳು ಪ್ಲಗ್ಗು ಬದಲಿಸಿದೆ, ನಾಲ್ಕೂ.
ಅಡ್ಡ ಮಲಗಿದ ಎಂಜಿನ್ನು; ಕೈ ಹೋದಲ್ಲಿ ಕಣ್ಣು ಹೋಗದು,
ಕಣ್ಣು ಹೋದಲ್ಲಿ ಪಾನಾ ಹೋಗದು.
ಎಡಗೈಯ ಮೂರು ಗೆಣ್ಣು ಸುಲಿದವು.
ಮುಂದಿನ ತಿಂಗಳು ಕಾಯಿಲ್. ಆಮೇಲೆ ಗಾಳಿ ಅಳೆಯುವ ಸೆನ್ಸರ್,
ಕೂದಲಿಗಿಂತ ತೆಳ್ಳಗಿನ ಅದರ ತಂತಿಗೆ ಸ್ಪ್ರೇ ಹೊಡೆದು
ಉಸಿರು ಬಿಗಿಹಿಡಿದು ಕಾದೆ.
ಆರುನೂರು. ಸಾವಿರದ ಆರುನೂರು. ಆರುನೂರು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ;
ನಾನು ಇಡೀ ಕೊಟ್ಟಿಗೆಗೇ ಎಳೆದಿದ್ದೆ.

ಹೊಟ್ಟೆಪಾಡಿಗೆ ನಾನು ರಕ್ತ ತೆಗೆಯುವವಳು.
ಆಸ್ಪತ್ರೆಯ ಎರಡನೆಯ ಮಹಡಿ, ದಿನಕ್ಕೆ ನಲವತ್ತು ತೋಳು.
ಕಾಣದ ನರವನ್ನು ಬೆರಳ ತುದಿಯಲ್ಲಿ ಹುಡುಕುತ್ತೇನೆ:
ಒತ್ತಿದರೆ ಪುಟಿಯುವುದು ನರ, ಬಿರುಸಾಗಿ ಕೂರುವುದು ಬರೀ ಹುರಿ.
"ಸೂಜಿಗೆ ಮುಂಚೆ ತಾಳ್ಮೆ" ಎಂದು ಹೊಸಬರಿಗೆ ಕಲಿಸುವವಳೂ ನಾನೇ.
ಮನೆಗೆ ಬಂದರೆ ಮಾತ್ರ ಸಿಕ್ಕಸಿಕ್ಕಲ್ಲಿ ಚುಚ್ಚುತ್ತಿದ್ದೆ.

ಲಿಂಗಸುಗೂರಿನಲ್ಲಿ ಅಪ್ಪನದು ಹಿಟ್ಟಿನ ಗಿರಣಿ.
ಬೆಲ್ಟು ಜಾರಿದರೆ ರಾಳ ಹಚ್ಚುತ್ತಿದ್ದ, ಎಂಜಿನ್ನು ಮುನಿದರೆ
ಬೀಡಿ ಹೊತ್ತಿಸಿ ಸುಮ್ಮನೆ ಪಕ್ಕ ಕೂರುತ್ತಿದ್ದ.
"ಏನ್ ಮಾಡಾಕತ್ತೀಯಪ್ಪಾ?"
"ಕೇಳಾಕತ್ತೀನಿ."
ನನಗೆ ಜೋಳದ ಡಬ್ಬಿಗಳ ಪಾಳಿ ಕಾಯುವ ಕೆಲಸ;
ಪಾನಾ ಮುಟ್ಟುವ ಕೆಲಸ ಅಣ್ಣ ಬಸಲಿಂಗನದು.
ಅವನೀಗ ಬಟ್ಟೆ ಅಂಗಡಿ ಇಟ್ಟಿದ್ದಾನೆ.

ಪಕ್ಕದ ಮನೆಯ ಮರ್ಲ್, ಎಂಬತ್ತೊಂದು,
ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತಳಾದವಳು,
ಬೇಲಿಯ ಮೇಲೆ ಚಹಾದ ಮಗ್ ಇಟ್ಟು ಹೇಳಿದಳು:
"ಇನ್ನೇನೂ ಕೊಳ್ಳಬೇಡ. ಎಲ್ಲೋ ಕದ್ದು ಉಸಿರೆಳೆಯುತ್ತಿದೆ ಅದು.
ಹೊಗೆ ಹಿಡಿದು ನೋಡು."

ಮನೆಯಲ್ಲಿದ್ದ ಹೊಗೆ ಒಂದೇ.
ಪೆಟ್ರೋಲಿನ ವಾಸನೆ ಇಲ್ಲವೆಂದು ಮೂರು ಸಲ ಮೂಸಿ,
ದೇವರ ಗೂಡಿನಿಂದ ಊದುಬತ್ತಿ ತಂದು ಹಚ್ಚಿದೆ.
ಫ್ಯಾನು ತಿರುಗುವ ಮುಂಚಿನ ತಣ್ಣನೆಯ ಐದು ನಿಮಿಷ.
ಸ್ಟಿಯರಿಂಗ್ ಹಿಂದೆ ಕೂತ ಮರ್ಲ್, ನಗಬೇಡ, ಪೂಜೆಯಲ್ಲ ಇದು.
ಮೆಲ್ಲಗೆ, ಒಂದೊಂದೇ ಕೊಳವೆಯ ಪಕ್ಕ.
ಹೊಗೆ ನೆಟ್ಟಗೆ ಏಳುತ್ತಿತ್ತು, ನೆಟ್ಟಗೆ, ನೆಟ್ಟಗೆ;
ಇಂಟರ್‌ಕೂಲರಿನ ಅಡಿಗೆ ಹೋದಾಗ
ಎಳೆ ಬಾಗಿತು.
ಯಾರೋ ಹೆಸರು ಹಿಡಿದು ಕರೆದ ಹಾಗೆ ತಿರುಗಿ
ಕಪ್ಪು ರಬ್ಬರಿನೊಳಗೆ ಮಾಯವಾಯಿತು.

ಬೆರಳಿಟ್ಟೆ. ಉಗುರಿನಷ್ಟು ಸೀಳು, ಬೆರಳ ತುದಿಯನ್ನು ಹೀರಿಕೊಂಡಿತು.
"ನಿಂತಿತು ಮುಳ್ಳು!" ಮರ್ಲ್ ಕೂಗಿದಳು.
ತೆಗೆದೆ: ಏರಿಳಿತ. ಇಟ್ಟೆ: ಸಮ.
ಇಷ್ಟೇ. ಲೆಕ್ಕಕ್ಕೆ ಸಿಗದ ಒಂದು ಗುಟುಕು ಗಾಳಿ,
ಲೆಕ್ಕ ಕೂಡದೆ ಹಗಲೂ ರಾತ್ರಿ ಕೂಡಿ ಕಳೆದು ಸುಸ್ತಾದ ಯಂತ್ರ.
ಬೆರಳು ತೆಗೆಯಲು ಮನಸ್ಸೇ ಬರಲಿಲ್ಲ.

ಹೊಸ ಕೊಳವೆಗೆ ನಾಲ್ಕು ಡಾಲರ್ ಎಪ್ಪತ್ತು ಸೆಂಟ್.
ಶನಿವಾರ ಹಾಕಿದೆ.
ಈಗ ಎಂಜಿನ್ನು ಸಮವಾಗಿ ಮಿಡಿಯುತ್ತದೆ;
ಆ ಸಮದ ಅಡಿಯಲ್ಲಿ, ಎಡಗಡೆ,
ಇಷ್ಟು ದಿನದ ಗಲಾಟೆಯಲ್ಲಿ ಕೇಳಿಸದೇ ಇದ್ದ ಒಂದು
ಟಿಕ್. ಟಿಕ್.
ಮರ್ಲ್ ಕಿವಿಯ ಯಂತ್ರ ಸರಿಮಾಡಿಕೊಂಡಳು, ಏನೂ ಹೇಳಲಿಲ್ಲ.
ಏಳೂವರೆಗೆ ಡ್ಯೂಟಿ. ಬಾನೆಟ್ ಮುಚ್ಚಲಿಲ್ಲ ನಾನು,
ಹಾಲಿನ ಕ್ರೇಟು ಬೋರಲು ಹಾಕಿ ಪಕ್ಕ ಕುಳಿತೆ.
ಇನ್ನೂ ಇಪ್ಪತ್ತು ನಿಮಿಷ ಇದೆ.